ಹತ್ತರಲ್ಲಿ ಒಂದು ಸಲ

ಹಂಚಿಕೆ ಮೇಜಿನ ನಿಯಮಗಳನ್ನು ಬರೆದ ಸಮಿತಿಯಲ್ಲಿ ಹದಿನಾಲ್ಕು ಮಂದಿ ಇದ್ದರು. ಆರು ಜನ ವೈದ್ಯರು, ಮೂವರು ಗಣಿತಜ್ಞರು, ಇಬ್ಬರು ನಿವೃತ್ತ ನ್ಯಾಯಾಧೀಶರು, ಉಳಿದ ಮೂವರು ಗೋಡಂಬಿ ತಿಂದು ಸಹಿ ಹಾಕಲು ಬಂದವರು. ಎಲ್ಲರೂ ಸಜ್ಜನರೇ, ಅದರಲ್ಲಿ ಎರಡು ಮಾತಿಲ್ಲ. ಆದರೆ ಅಷ್ಟು ಜನರಲ್ಲಿ ಇಸ್ಪೀಟಿನ ಕ್ಲಬ್ಬಿನ ಮೆಟ್ಟಿಲು ಹತ್ತಿದವನು ಒಬ್ಬನೂ ಇರಲಿಲ್ಲ. ಒಬ್ಬನಾದರೂ ಇದ್ದಿದ್ದರೆ ಇಳಕಲ್ಲಿನ ಫಕೀರಪ್ಪ ಇವತ್ತು ಬದುಕಿರುತ್ತಿದ್ದ.

ಅದಕ್ಕೂ ಮೊದಲು ಬೇರೊಬ್ಬರ ಶ್ವಾಸಕೋಶಕ್ಕಾಗಿ ಕಾಯುವವರ ಸಾಲಿನಲ್ಲಿ ಶಿಫಾರಸಿನದೇ ಕಾರುಬಾರು. ಯಾರದೋ ಅಳಿಯ, ಯಾರದೋ ಬೀಗ ಮುಂದಕ್ಕೆ ನುಗ್ಗುತ್ತಿದ್ದರು. ಜನ ರೊಚ್ಚಿಗೆದ್ದಾಗ ಸಮಿತಿ ಹೊಸ ದಾರಿ ಹುಡುಕಿತು. ಅದೇ ಹಂಚಿಕೆ ಮೇಜು; ಅಲ್ಲಿ ಕಾದ ದಿನಗಳೇ ಪಣ. ದಿನ ಶ್ರೀಮಂತನಿಗೂ ಇಪ್ಪತ್ತನಾಲ್ಕು ತಾಸು, ಬಡವನಿಗೂ ಇಪ್ಪತ್ತನಾಲ್ಕು ತಾಸು. ಅದನ್ನು ಯಾರೂ ಕೊಂಡು ತರಲಾರರು. ದಾನಿಯ ಎದೆಯಿಂದ ತೆಗೆದ ಶ್ವಾಸಕೋಶ ಗಾಜಿನ ಪೆಟ್ಟಿಗೆಯೊಳಗೆ ಆರು ತಾಸು ತಾನೇ ಉಸಿರಾಡುತ್ತಿರುತ್ತದೆ. ಅಷ್ಟರಲ್ಲಿ ಮೂವರು ರೋಗಿಗಳ ರಕ್ತವನ್ನು ಅದರೊಂದಿಗೆ ತಾಳೆ ನೋಡುವ ನಾಲ್ಕು ಪರೀಕ್ಷೆ. ಒಂದೊಂದು ಪರೀಕ್ಷೆ ಮುಗಿದಾಗಲೂ ನೂರಕ್ಕೆ ಎಷ್ಟು ಹೊಂದಿಕೆ ಎಂಬ ಅಂಕಿ ಆಯಾ ಮನೆಯವರ ಪರದೆಯ ಮೇಲೆ ಮಾತ್ರ ಮೂಡುತ್ತದೆ. ಒಬ್ಬರ ಅಂಕಿ ಇನ್ನೊಬ್ಬರಿಗೆ ಕಾಣುವುದಿಲ್ಲ. ರೋಗಿಯ ಗುಟ್ಟು ಕಾಪಾಡಬೇಕೆಂಬ ಕಾನೂನಿದೆ. ಅಂಕಿ ನೋಡಿ ಅವರು ತಮ್ಮ ದಿನಗಳನ್ನು ಪಣಕ್ಕಿಡಬೇಕು. ಒಬ್ಬರು ಪಣ ಏರಿಸಿದರೆ ಉಳಿದವರು ಅಷ್ಟೇ ಇಡಬೇಕು, ಅಷ್ಟಿಲ್ಲದಿದ್ದರೆ ಇದ್ದದ್ದೆಲ್ಲ ಇಡಬೇಕು, ಇಲ್ಲವೇ ಹಿಂದೆ ಸರಿಯಬೇಕು. ಸರಿದರೆ ಆವರೆಗೆ ಇಟ್ಟ ದಿನಗಳು ಹೋದವು, ಉಳಿದವು ಉಳಿದವು. ಕೊನೆಯವರೆಗೆ ಇಬ್ಬರು ನಿಂತರೆ ಹೆಚ್ಚು ಅಂಕಿ ಇದ್ದವರಿಗೆ ಶ್ವಾಸಕೋಶ. ಸೋತವರ ಪಣವೂ ಹೋಗುತ್ತದೆ. ನೂರು ದಿನ ಕೈಯಲ್ಲಿಲ್ಲದವರಿಗೆ ಮುಂದಿನ ಮೇಜಿಲ್ಲ.

ಹೊಂದಿಕೆ ಕಡಿಮೆ ಇದ್ದವರು ದಿನ ಉಳಿಸಿಕೊಳ್ಳಲು ತಾವಾಗಿಯೇ ಸರಿಯುತ್ತಾರೆ, ಕಡೆಗೆ ಸರಿಯಾದ ಎದೆಗೇ ಸರಿಯಾದ ಶ್ವಾಸಕೋಶ ಹೋಗುತ್ತದೆ ಎಂಬುದು ಗಣಿತಜ್ಞರ ಲೆಕ್ಕ. ಒಬ್ಬರೇ ಉಳಿದರೆ? ಅಂಕಿ ಐವತ್ತಕ್ಕಿಂತ ಮೇಲಿದ್ದರೆ ಸಾಕು, ಅವರಿಗೇ ಕೊಡುವುದು. ಬೇರೆ ಮನೆಯವರಿಗೆ ಅದನ್ನು ತೋರಿಸುವ ಅಗತ್ಯವಿಲ್ಲ. ಈ ಒಂದು ಸಾಲನ್ನು ಓದಿದ ದಿನ ಪ್ರಲ್ಹಾದ ಸವಣೂರ ಕನ್ನಡಕ ತೆಗೆದು ಒರೆಸಿ, ಮತ್ತೊಮ್ಮೆ ಓದಿದ.

ಯಾಕೆಂದರೆ ಇದು ಪೋಕರ್ ಆಟವೇ. ಪ್ರಲ್ಹಾದ ಈಗ ಧಾರವಾಡದ ಕಾಲೇಜೊಂದರಲ್ಲಿ ಸಂಖ್ಯಾಶಾಸ್ತ್ರ ಕಲಿಸುವ ಐವತ್ತರ ಮೇಷ್ಟ್ರು. ಹರೆಯದಲ್ಲಿ ಆರು ವರ್ಷ ಪೋಕರ್ ಆಡಿಯೇ ಹೊಟ್ಟೆ ಹೊರೆದವನು. ಅವನು ಹೆಸರುವಾಸಿಯಾಗಿದ್ದು ಕೊನೆಯ ಇಸ್ಪೀಟೆಲೆಯ ಆಟಕ್ಕೆ. ಮೇಜಿನ ಮೇಲೆ ಕೊನೆಯ ಎಲೆ ಬಿದ್ದ ಮೇಲೆ ಯಾರ ಕೈಯೂ ಇನ್ನು ಬದಲಾಗುವುದಿಲ್ಲ. ಆಗ ಇದ್ದದ್ದೆಲ್ಲ ಮುಂದಕ್ಕೆ ತಳ್ಳುವವರು ಎರಡೇ ಬಗೆ, ಕೈ ತುಂಬಿದವರು ಮತ್ತು ಕೈ ಪೂರಾ ಬರಿದಾದವರು. ಎದುರಿಗಿನವನದು ಒಳ್ಳೆಯ ಕೈ, ಆದರೆ ಎಲ್ಲಕ್ಕಿಂತ ಮೇಲಿನದಲ್ಲ ಎಂದು ಅನಿಸಿದಾಗ ಪ್ರಲ್ಹಾದ ಬರಿಗೈಯಲ್ಲೇ ಎಲ್ಲವನ್ನೂ ತಳ್ಳುತ್ತಿದ್ದ. ಎದುರಿಗಿನವನು ಬೆವರಿ, ಒದ್ದಾಡಿ, ಗೆಲ್ಲುವ ಎಲೆಗಳನ್ನು ಕೈಯಾರೆ ಕೆಳಗಿಡುತ್ತಿದ್ದ. ಗೆದ್ದವನು ಎಲೆ ತೋರಿಸಬೇಕಿಲ್ಲ. ವೈಜಯಂತಿಯನ್ನು ಮದುವೆಯಾದ ವರ್ಷ ಅವನು ಇಸ್ಪೀಟು ಬಿಟ್ಟ. ಬಿಡಿಸಿದ್ದು ಅವಳೇ.

ಈಗ ಆ ವೈಜಯಂತಿಯ ಶ್ವಾಸಕೋಶ ಒಣಗಿದ ಬೆಂಡಿನ ಹಾಗೆ ಬಿರುಸಾಗುತ್ತ ಬಂದಿತ್ತು. ಯಾಕೆ ಹೀಗಾಯಿತೆಂದು ಯಾವ ಡಾಕ್ಟರರಿಗೂ ಹೇಳಲಾಗಲಿಲ್ಲ. ಇಪ್ಪತ್ತು ವರ್ಷ ಹೈಸ್ಕೂಲಿನಲ್ಲಿ ಭೂಗೋಳ ಹೇಳಿ ಗೋಡೆ ನಡುಗಿಸಿದವಳು ಈಗ ಬಿಸಿ ಚಹಾ ಊದಿ ಕುಡಿಯಲಾರಳು. ಪ್ರಲ್ಹಾದ ದಿನಾ ಬಸಿಗೆ ಸುರಿದು, ಬಸಿಯಿಂದ ಕಪ್ಪಿಗೆ ಸುರಿದು, ಆರಿಸಿ ಕೊಡುತ್ತಿದ್ದ.

"ಇಷ್ಟು ಸೇವಾ ಮಾಡ್ಲಿಕ್ಕೆ ಬರ್ತದ ಅಂತ ಮೊದಲ ಗೊತ್ತಿದ್ರ, ಇಪ್ಪತ್ತು ವರ್ಷ ಹಿಂದನ ಬ್ಯಾನಿ ಬೀಳ್ತಿದ್ದೆ," ಎನ್ನುತ್ತಿದ್ದಳು.

ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ಕಾಯುವವರಿಗೆಂದು ಒಂದು ಉದ್ದನೆಯ ಪಡಸಾಲೆ. ಅಲ್ಲಿ ಪರಿಚಯವಾದವಳು ದ್ಯಾಮವ್ವ. ಇಳಕಲ್ಲಿನ ಖಾನಾವಳಿಯಲ್ಲಿ ರೊಟ್ಟಿ ಬಡಿಯುವ ಹೆಂಗಸು. ಆಕೆಯ ತಮ್ಮ ಫಕೀರಪ್ಪ ಹನ್ನೆರಡು ವರ್ಷ ಗ್ರಾನೈಟಿಗೆ ಪಾಲಿಶ್ ಹಾಕಿ, ಕಲ್ಲಿನ ಧೂಳನ್ನೆಲ್ಲ ಎದೆಯಲ್ಲಿ ತುಂಬಿಕೊಂಡಿದ್ದ. ಅವನಿಗೆ ಆಕೆ, ಆಕೆಗೆ ಅವನು, ಬೇರೆ ದಿಕ್ಕಿಲ್ಲ. "ನಮ್ಮವು ಇವತ್ತಿಗೆ ನಾಕ್ನೂರಾ ಎರಡು ದಿನಾ ಆದ್ವು ನೋಡ್ರಿ," ಎಂದು ಆಕೆ ಕಂಡಕಂಡವರಿಗೆಲ್ಲ ಹೇಳುತ್ತಿದ್ದಳು. ಪ್ರಲ್ಹಾದ ತನ್ನ ಆರುನೂರರ ಮೇಲಿನ ದಿನಗಳನ್ನು ಯಾರಿಗೂ ಹೇಳಿರಲಿಲ್ಲ. ಹಳೆಯ ಚಾಳಿ.

"ಸರ್, ಆ ಮೇಜಿನ ಕಾಯ್ದೆ ನನ್ನ ತಲಿಗೆ ಹತ್ತವಲ್ದು. ಸ್ವಲ್ಪ ಹೇಳಿ ಕೊಡ್ರಿ," ಎಂದು ದ್ಯಾಮವ್ವ ಒಂದು ದಿನ ಕೇಳಿದಳು. ಪಾಪ, ಕೇಳಿದ್ದು ಎಂಥವನನ್ನು!

ಅವನು ಒಂದು ಕಟ್ಟು ಇಸ್ಪೀಟೆಲೆ ತಂದ. ಆಕೆ ಹುಣಸೆಬೀಜ ತಂದಳು. ಬೀಜಗಳೇ ದಿನಗಳು. ಹದಿನೈದು ದಿನ ಮಧ್ಯಾಹ್ನದ ಊಟವಾದ ಮೇಲೆ ಚಾಪೆಯ ಮೇಲೆ ಪಾಠ ನಡೆಯಿತು. ಕೆಟ್ಟ ಎಲೆ ಬಂದರೆ ಆಕೆ ತಟ್ಟನೆ ಒಗೆದುಬಿಡುತ್ತಿದ್ದಳು. ಒಳ್ಳೆಯದು ಬಂದರೆ ಸೆರಗಿನ ತುದಿ ಕಚ್ಚಿಕೊಂಡು ಬಹಳ ಹೊತ್ತು ಕೂತುಬಿಡುತ್ತಿದ್ದಳು. ಪ್ರಲ್ಹಾದ ಅದನ್ನು ಗಮನಿಸಿದ. ಬೇಕೆಂದು ಅಲ್ಲ. ಈಜು ಕಲಿತವನಿಗೆ ನೀರು ಕಂಡರೆ ಕೈ ತಾನೇ ಆಡುತ್ತದೆ.

"ಒಂದು ಮಾತು ಖಾಯಂ ನೆನಪಿಡು ದ್ಯಾಮವ್ವ," ಎಂದ. "ಕೊನೀ ಎಲಿ ಬಿದ್ದ ಮ್ಯಾಲೆ ಯಾರರೆ ಇದ್ದದ್ದೆಲ್ಲಾ ಇಟ್ಟ್ರ, ಅವರ ಕೈಯಾಗ ಖರೇನ ಎಲಿ ಅದ ಅಂತ ತಿಳಕೋ. ಹತ್ತರಾಗ ಒಂಬತ್ತು ಸಲ ಹಂಗ. ಬಿಟ್ಟುಬಿಡು. ಉಳಿದ ಬೀಜ ಮುಂದಿನ ಆಟಕ್ಕ ಆಗ್ತಾವ."

ಅವನು ಆ ದಿನ ಸುಳ್ಳು ಹೇಳಲಿಲ್ಲ. ಹೊಸಬರಿಗೆ ಹೇಳಬೇಕಾದ ಮಾತೇ ಅದು. ಆಕೆ ಅದನ್ನು ದೇವರ ಪದದಂತೆ ನಾಲ್ಕು ಸಲ ಬಾಯಿಪಾಠ ಮಾಡಿದಳು.

ಮೇಜಿಗೆ ಕರೆ ಬಂದದ್ದು ಒಂದು ಮಂಗಳವಾರ ಬೆಳಿಗ್ಗೆ. ಡಾಕ್ಟರು ಹಿಂದಿನ ವಾರವೇ ಪ್ರಲ್ಹಾದನನ್ನು ಪಕ್ಕಕ್ಕೆ ಕರೆದು, ವೈಜಯಂತಿಗೆ ಇನ್ನು ಮೂರು ವಾರ, ಹೆಚ್ಚೆಂದರೆ ನಾಲ್ಕು ಎಂದಿದ್ದರು. ಮುಂದಿನ ಮೇಜಿಗೆ ಅವಳು ಇರುವುದಿಲ್ಲ. ಆರುನೂರಾ ನಲವತ್ತು ದಿನ ಕೈಯಲ್ಲಿಟ್ಟುಕೊಂಡು ಅವನೇನು ಗೋಡೆಗೆ ತೂಗುಹಾಕಬೇಕಿತ್ತೆ?

ಮೂರನೆಯ ಮಹಡಿಯಲ್ಲಿ ಪ್ಲೈವುಡ್ಡಿನ ಗೂಡುಗಳು. ಒಳಗೆ ಒಂದು ಕುರ್ಚಿ, ಒಂದು ಪರದೆ. ಪರದೆಯ ಮೇಲೆ ಮೂರು ಅಕ್ಷರ, ಪ್ರತಿ ಅಕ್ಷರದ ಮುಂದೆ ಅವರ ಕೈಯಲ್ಲಿರುವ ದಿನ. ಹೆಸರಿಲ್ಲ. ಅ, ಇನ್ನೂರಾ ಹತ್ತು. ಬ, ನಾನೂರಾ ಹದಿನೆಂಟು. ಕ ಎಂದರೆ ತಾನು.

ನಾನೂರಾ ಹದಿನೆಂಟು. ನಿನ್ನೆ ಸಂಜೆ ಪಡಸಾಲೆಯಲ್ಲಿ ದ್ಯಾಮವ್ವ ಶೇಂಗಾ ಚಟ್ನಿಪುಡಿ ಹಂಚುತ್ತ, "ನಾಳೆ ಬರೋಬ್ಬರಿ ನಾಕ್ನೂರಾ ಹದಿನೆಂಟು ಆಗ್ತಾವ್ರಿ ಸರ್," ಎಂದಿದ್ದಳಲ್ಲ! ಗೂಡುಗಳ ಆಚೆ, ಗಾಜಿನ ಹಿಂದೆ, ಪೆಟ್ಟಿಗೆಯೊಳಗೆ ಯಾರದೋ ಶ್ವಾಸಕೋಶ ಮೇಲೇಳುತ್ತಿತ್ತು, ಇಳಿಯುತ್ತಿತ್ತು.

ಮೊದಲ ಪರೀಕ್ಷೆಗೆ ಅವನ ಅಂಕಿ ಎಪ್ಪತ್ತೊಂದು. ಮೂವರೂ ಮೂವತ್ತು ದಿನ ಇಟ್ಟರು. ಎರಡನೆಯದಕ್ಕೆ ಅರವತ್ತಾರಕ್ಕಿಳಿಯಿತು, ಮತ್ತೆ ಮೂವತ್ತು. ಮೂರನೆಯದಕ್ಕೆ ಅರವತ್ತಮೂರು; ಅವನು ಮತ್ತೆ ಮೂವತ್ತು ಇಟ್ಟ. ಅ ಹಿಂದೆ ಸರಿದರು. ಬ ಮಾತ್ರ ಯೋಚಿಸಲು ಕೊಟ್ಟ ಹತ್ತು ನಿಮಿಷವನ್ನೂ ಪೂರ್ತಿ ತೆಗೆದುಕೊಂಡು ಮೂವತ್ತು ದಿನ ಇಟ್ಟಳು. ಮರದ ಹಲಗೆಯಾಚೆ ಆಕೆ ಸೆರಗು ಕಚ್ಚಿಕೊಂಡು ಕೂತದ್ದು ಅವನಿಗೆ ಕಣ್ಣಿಗೆ ಕಟ್ಟಿದಂತೆ ಕಂಡಿತು. ಆಕೆಯ ಕೈ ಒಳ್ಳೆಯದು. ಬಹಳ ಒಳ್ಳೆಯದು.

ನಾಲ್ಕನೆಯ ಪರೀಕ್ಷೆಯಲ್ಲಿ ರೋಗಿಯ ಜೀವಂತ ರಕ್ತಕಣಗಳನ್ನೇ ಶ್ವಾಸಕೋಶದ ಚೂರಿಗೆ ಮುಟ್ಟಿಸಿ ನೋಡುತ್ತಾರೆ. ಅದರ ಅಂಕಿ ಅಂತಿಮ. ಪ್ರಲ್ಹಾದನದು ಐವತ್ತೆಂಟಕ್ಕೆ ನಿಂತಿತು. ಕೊನೆಯ ಎಲೆ ಬಿದ್ದಾಯಿತು.

ಅವನು ಎದ್ದು ಹೋಗಬಹುದಾಗಿತ್ತು. ಇದನ್ನು ಅವನೂ ಮುಂದೆ ಸಾವಿರ ಸಲ ಹೇಳಿಕೊಂಡ. ಆದರೆ ಅವನ ಕಣ್ಣ ಮುಂದೆ ಇದ್ದದ್ದು ಬಸಿಯಲ್ಲಿ ಆರುತ್ತಿದ್ದ ಚಹಾ. ದ್ಯಾಮವ್ವನಿಗೆ ಇನ್ನೂ ವೇಳೆ ಇದೆ, ಫಕೀರಪ್ಪನಿಗೆ ಆರು ತಿಂಗಳು ಎಂದಿದ್ದಾರೆ, ಅಷ್ಟರಲ್ಲಿ ಇನ್ನೊಂದು ಮೇಜು ಬಂದೇ ಬರುತ್ತದೆ ಎಂದು ತನಗೆ ತಾನೇ ಹೇಳಿಕೊಂಡ. ಆಕೆಗೆ ನಾನು ಕಲಿಸಿದ್ದೇನೆ, ಆಕೆ ಬಿಡುತ್ತಾಳೆ ಎಂಬುದನ್ನು ಮಾತ್ರ ಹೇಳಿಕೊಳ್ಳಲಿಲ್ಲ; ಅದು ಅವನ ಬೆರಳಿಗೇ ಗೊತ್ತಿತ್ತು. 'ಎಲ್ಲ' ಎಂಬ ಗುಂಡಿಯನ್ನು ಒತ್ತಿದ. ಐನೂರಾ ಐವತ್ತು ದಿನ.

ಹತ್ತು ನಿಮಿಷದ ಗಡಿಯಾರ ಓಡತೊಡಗಿತು. ಐದಾಯಿತು, ಎಂಟಾಯಿತು. ಒಂಬತ್ತೂವರೆ ದಾಟಿದ ಮೇಲೆ ಪರದೆಯ ಮೇಲೆ ಒಂದು ಸಾಲು ಬಂತು: ಬ ಹಿಂದೆ ಸರಿದಿದ್ದಾರೆ.

ಗೆದ್ದವರು ಯಾರೆಂದು ಪಡಸಾಲೆಗೆ ಸಂಜೆಯೊಳಗೇ ತಿಳಿಯಿತು. ದ್ಯಾಮವ್ವ ಹುಡುಕಿಕೊಂಡು ಬಂದಳು. ಪ್ರಲ್ಹಾದ ಗೋಡೆಗೆ ಒರಗಿ ನಿಂತ.

"ನೀವ ಅಂತ ಗೊತ್ತಿದ್ರ ಮೊದಲ ಬಿಟ್ಟಬಿಡ್ತಿದ್ದೆ ಅಲ್ರೀ ಸರ್! ಸುಳ್ಳ ತೊಂಬತ್ತು ದಿನಾ ಕಳಕೊಂಡೆ," ಎಂದು ನಕ್ಕಳು. ನಗುತ್ತಲೇ ಕಣ್ಣೊರೆಸಿಕೊಂಡಳು. "ಇರಲಿ ಬಿಡ್ರಿ. ವೈಜಯಂತಿ ಬಾಯಾರು ಚಂದಾಗಿ ಉಸಿರಾಡ್ಲಿ. ನೀವು ಕಲಿಸಿದ್ದಕ್ಕ ಮುನ್ನೂರಾ ಇಪ್ಪತ್ತೆಂಟು ಉಳದಾವು. ಇಲ್ಲಾಂದ್ರ ಎಲ್ಲಾ ಕಳಕೊಂಡ ಕುಂದರ್ತಿದ್ದೆ."

ಶಸ್ತ್ರಚಿಕಿತ್ಸೆಯಾಗಿ ಇಪ್ಪತ್ತೆರಡನೆಯ ದಿನ ವೈಜಯಂತಿ ಮನೆಗೆ ಬಂದಳು. ಅಡುಗೆಮನೆಯಲ್ಲಿ ಪ್ರಲ್ಹಾದ ಬಸಿ ತೆಗೆಯಹೋದರೆ ಅವಳು ಕಪ್ಪನ್ನೇ ಕಸಿದುಕೊಂಡು ತುಟಿ ಮುಂದೆ ಮಾಡಿ ಊದಿದಳು. ಹಬೆ ಚದುರಿತು. ಇನ್ನೊಮ್ಮೆ ಊದಿದಳು. ಕೆನೆ ಸುಕ್ಕಾಗಿ ಒಂದು ಕಡೆಗೆ ಸರಿಯಿತು. ಇಬ್ಬರೂ ನಿಂತಲ್ಲೇ ಅತ್ತರು.

"ನಮ್ಮ ಅಂಕಿ ಎಷ್ಟು ಬಂದಿತ್ತು? ನನಗ ಹೇಳೇ ಇಲ್ಲಲಾ," ಎಂದಳು.

"ತೊಂಬತ್ತೊಂದು."

ಅವಳು ಅವನ ಮುಖವನ್ನು ಒಂದು ಗಳಿಗೆ ನೋಡಿ, ಚಹಾ ಕುಡಿದಳು. ಐವತ್ತೆಂಟು ಎಂದು ಅಚ್ಚಾದ ಚೀಟಿ ಅವನ ಶಾಲೆಯ ಕಾಲದ ಕಂಪಾಸ್ ಡಬ್ಬಿಯ ತಳದಲ್ಲಿತ್ತು.

ಹೊಂದದ ಶ್ವಾಸಕೋಶವನ್ನು ಮೈ ಎಷ್ಟು ದಿನ ಸಹಿಸೀತು? ರಕ್ತದ ಕಾವಲುಗಾರ ಕಣಗಳಿಗೆ ಅದು ನಮ್ಮವರಲ್ಲ ಎಂದು ಗೊತ್ತಾಗಿಬಿಡುತ್ತದೆ. ಔಷಧಿ ಕೊಟ್ಟು ಅವುಗಳ ಕಣ್ಣು ಕಟ್ಟಬಹುದು, ಆದರೆ ಕಡೆತನಕ ಅಲ್ಲ. ನಲವತ್ತನೆಯ ದಿನ ಜ್ವರ ಬಂತು. ನಲವತ್ತೈದಕ್ಕೆ ಮತ್ತೆ ಆಮ್ಲಜನಕದ ಕೊಳವೆ ಮೂಗಿಗೇರಿತು. ಡಾಕ್ಟರು ಇನ್ನೊಮ್ಮೆ ಹೆಸರು ಹಚ್ಚಲು ಹೇಳಿದರು. ಹಚ್ಚಿದರು, ಆದರೆ ಗೆದ್ದವರ ದಿನಗಳೆಲ್ಲ ಗೆದ್ದ ದಿನವೇ ಮುಗಿದಿರುತ್ತವೆ. ಸೊನ್ನೆಯಿಂದ ಶುರು. ಪ್ರಲ್ಹಾದ ಮತ್ತೆ ಬಸಿ ತೆಗೆದ.

ಫಕೀರಪ್ಪನಿಗೆ ಡಾಕ್ಟರು ಹೇಳಿದ ಆರು ತಿಂಗಳು ಸಿಗಲಿಲ್ಲ. ಮೇಜಿನ ದಿನದಿಂದ ನಲವತ್ತೇಳನೆಯ ದಿನ ಹೋದ. ನಡುವೆ ಅವನ ಎದೆಯ ಅಳತೆಗೆ ಹೊಂದುವ ಶ್ವಾಸಕೋಶ ಒಂದೂ ಬರಲಿಲ್ಲ.

ಅವನ ದಿನಕರ್ಮ ಮುಗಿಸಿದ ದ್ಯಾಮವ್ವ ಒಂದು ಮಧ್ಯಾಹ್ನ ಧಾರವಾಡದ ಮನೆಗೆ ಬಂದಳು. ಕೈಯಲ್ಲಿ ಒಣಗಿಸಿದ ಕಟಕ ರೊಟ್ಟಿಯ ಗಂಟು. ಒಳಕೋಣೆಯಲ್ಲಿ ಮಲಗಿದ್ದ ವೈಜಯಂತಿಯ ಪಾದ ಮುಟ್ಟಿ, ಹೊಸ್ತಿಲ ಬಳಿ ನೆಲದ ಮೇಲೆ ಕೂತಳು. ಕುರ್ಚಿ ಒಲ್ಲೆ ಎಂದಳು.

"ಸರ್, ಸತ್ತವರ ದಿನಾ ಹದಿನೈದು ದಿನದಾಗ ಮತ್ತೊಬ್ಬ ಪೇಶಂಟ್‌ಗೆ ಕೊಡಬಹುದಂತ್ರಿ. ಇಲ್ಲಾಂದ್ರ ಬರಖಾಸ್ತ ಆಗ್ತಾವಂತ. ನಮ್ಮ ಫಕೀರಂದು ಮುನ್ನೂರಾ ಎಪ್ಪತ್ತೈದು ಉಳದಿದ್ದುವು. ನಿನ್ನೆ ಹೆಬ್ಬಟ್ಟ ಒತ್ತಿ ಬಾಯಾರ ಹೆಸರಿಗೆ ಹಚ್ಚಿ ಬಂದೀನಿ. ನೀವು ಬಿಡು ಅಂತ ಕಲಿಸಿದ್ದಕ್ಕ ಉಳದ ದಿನಾ ರೀ ಇವು. ನಿಮಗ ಸಲ್ಲಬೇಕು."

ಪ್ರಲ್ಹಾದ ಆಕೆಯ ಮುಂದೆ ನೀರಿನ ತಂಬಿಗೆ ಇಟ್ಟ.

"ಒಂದ ಮಾತ ಕೇಳ್ತೀನಿ, ಸಿಟ್ಟಾಗಬ್ಯಾಡ್ರಿ," ಎಂದಳು ದ್ಯಾಮವ್ವ. "ಫಕೀರ ಹೋಗೂ ಹಿಂದಿನ ದಿನಾ ಕೇಳಿದ. 'ಅಕ್ಕಾ, ಅವರದು ನಮಗಿಂತ ಹೆಚ್ಚ ಇತ್ತೇನು?' ಅಂತ. 'ಹೆಚ್ಚ ಇತ್ತಪಾ, ಸರ್ ಅಂಥವರಲ್ಲ' ಅಂದೆ. ಅವಂಗ ಸಮಾಧಾನ ಆತು. ಎಷ್ಟಿತ್ತ್ರೀ ನಿಮ್ಮದು?"

ಅವನು ಉತ್ತರಿಸುವ ಮೊದಲೇ ಒಳಗಿನಿಂದ, ತುಂಡು ತುಂಡಾದ ಉಸಿರಿನಲ್ಲಿ, ವೈಜಯಂತಿಯ ದನಿ ಬಂತು. "ತೊಂಬತ್ತೊಂದು... ಇತ್ತಂತ... ದ್ಯಾಮವ್ವ."

"ಹೌದಾ ಯವ್ವಾ! ನಮ್ಮದು ಎಂಬತ್ತಾರಿತ್ರಿ," ಎಂದ ದ್ಯಾಮವ್ವ ಉಸ್ಸೆಂದು ಉಸಿರು ಬಿಟ್ಟಳು. "ಐದರಾಗ ಹೋತು. ಹೋಗ್ಲಿ. ಹಂಗಾರ ನಾ ತಪ್ಪ ಮಾಡ್ಲಿಲ್ಲ. ಅದೊಂದ ನನಗ ನಿದ್ದಿ ಕೆಡಿಸಿತ್ತು ನೋಡ್ರಿ."

ಆಗ ಹೇಳಬೇಕಿತ್ತು. ಪ್ರಲ್ಹಾದ ಚಪ್ಪಲಿ ಮೆಟ್ಟಿದ. ಆಕೆಯನ್ನು ಬಸ್‌ಸ್ಟ್ಯಾಂಡಿಗೆ ಮುಟ್ಟಿಸಿ ಬಂದ. ಚಹಾ ಆರಿಸಿ ಹೆಂಡತಿಯ ಬಳಿ ಹೋದ. ವೈಜಯಂತಿ ಅವನನ್ನೇ ನೋಡುತ್ತಿದ್ದಳು.

"ಖರೇ ಹೇಳ್ರಿ. ಎಷ್ಟಿತ್ತು?"

"ಹೇಳೀನಲಾ. ತೊಂಬತ್ತೊಂದು."

ಹರೆಯದಲ್ಲಿ ನೂರಾರು ಜನ ಅವನ ಮುಖವನ್ನು ಓದಲು ಹೆಣಗಿ ಸೋತಿದ್ದರು. ಆದರೆ ಅವರು ಯಾರೂ ಅವನೊಂದಿಗೆ ಇಪ್ಪತ್ತಾರು ವರ್ಷ ಬಾಳ್ವೆ ಮಾಡಿರಲಿಲ್ಲ.

"ನೀವು ಖರೇ ಹೇಳೂಮುಂದ ಹುಬ್ಬು ಕುಣೀತಾವ," ಎಂದಳು ಅವಳು, ನಡುನಡುವೆ ನಿಂತು, ಉಸಿರು ಕೂಡಿಸಿಕೊಂಡು. "ಸುಳ್ಳು ಹೇಳೂಮುಂದಷ್ಟ ಮುಖ ಇಷ್ಟು ಶಾಂತ ಇರ್ತದ. ಅವತ್ತ ಅಡಗಿಮನ್ಯಾಗೂ ಹಿಂಗ ಇತ್ತು. ಎಂಬತ್ತಾರಕ್ಕಿಂತ ಕಡಿಮಿ, ಹೌದಲ್ರಿ?"

ಅವನು ಚಹಾದ ಕಪ್ಪನ್ನು ನೆಲಕ್ಕಿಟ್ಟ. ಅವಳು ಕಣ್ಣು ಮುಚ್ಚಿದಳು.

"ಅವತ್ತ ನನಗೂ ಅನುಮಾನ ಬಂದಿತ್ತು. ಕೇಳಲಿಲ್ಲ. ಉಸಿರು ಭಾಳ ಸಿಹಿ ಇತ್ತು ನೋಡ್ರಿ, ಕೇಳಲಿಲ್ಲ." ಆಮೇಲೆ ಕೈ ಚಾಚಿ ಹೇಳಿದಳು, "ಆ ದಿನಾ ನನಗ ಬ್ಯಾಡ. ಫೋನ್ ಕೊಡ್ರಿ, ಒಲ್ಲೆ ಅಂತ ಹೆಬ್ಬೆಟ್ಟು ಹಚ್ತೀನಿ. ಯಾರಿಗರೆ ಹೋಗ್ಲಿ."

ಅವನು ಬೇಡಿಕೊಂಡ. ಕಾಲು ಹಿಡಿದ. ದಿನಗಳು ಹಾವೇರಿಯ ಒಬ್ಬ ಟೇಲರಿಗೆ ಹೋದವು. ವೈಜಯಂತಿ ಒಂಬತ್ತು ದಿನಕ್ಕೆ ಹೋದಳು. ಕೊನೆಯ ಎರಡು ದಿನ ಅವನ ಕೈ ಹಿಡಿದುಕೊಂಡೇ ಇದ್ದಳು, ಆದರೆ ಚಹಾ ಕುಡಿಯಲಿಲ್ಲ.

ತಿಂಗಳಾದ ಮೇಲೆ ಪ್ರಲ್ಹಾದ ಇಳಕಲ್ಲಿಗೆ ಹೋದ. ಮಧ್ಯಾಹ್ನದ ಹೊತ್ತು, ಖಾನಾವಳಿ ಗಿಜಿಗುಟ್ಟುತ್ತಿತ್ತು. ಹಿಂಬದಿಯ ಒಲೆಯ ಮುಂದೆ ದ್ಯಾಮವ್ವ ರೊಟ್ಟಿ ಬಡಿಯುತ್ತಿದ್ದಳು. ಅವನನ್ನು ನೋಡಿ, "ಅಯ್ಯ ಶಿವನ! ಬಾಯಾರು ಹ್ವಾದರಂತ ಕೇಳಿದೆ. ಬರಾಕ ಆಗಲಿಲ್ರಿ. ಕುಂದರ್ರಿ, ಮೊದಲ ಉಣ್ರಿ," ಎಂದು ಮಣೆ ಸರಿಸಿದಳು.

ಅವನು ಕೂರಲಿಲ್ಲ. ಜೇಬಿನಿಂದ ಐವತ್ತೆಂಟರ ಚೀಟಿ ತೆಗೆದು, ಹಿಟ್ಟು ನಾದುವ ಕೊಣಮಿಗೆಯ ಪಕ್ಕ, ಅಂಕಿ ಮೇಲೆ ಮಾಡಿ ಇಟ್ಟ. ಜೀವಮಾನದಲ್ಲಿ ಯಾರೂ ಕೇಳದೆ ಅವನು ಎಲೆ ತೋರಿಸಿದ್ದು ಅದೊಂದೇ ಸಲ.

ದ್ಯಾಮವ್ವನಿಗೆ ಅಕ್ಷರ ಬಾರದು, ಅಂಕಿ ಬರುತ್ತಿತ್ತು. ಬಾಗಿ ನೋಡಿದಳು. ಬಡಿಯುವ ಕೈ ನಿಂತಿತು. ಹಂಚಿನ ಮೇಲಿದ್ದ ರೊಟ್ಟಿ ಒಂದು ಬದಿ ಕರಕಾಗಿ ಹೊಗೆ ಎದ್ದಿತು. ಯಾರೋ ಹೊರಗಿನಿಂದ ರೊಟ್ಟಿ ತರಲು ಕೂಗಿದರು.

"ಹತ್ತರಾಗ ಒಂಬತ್ತು ಸಲ ಅಂದಿದ್ರಿ," ಎಂದಳು. ದನಿ ಏರಿರಲಿಲ್ಲ. "ಉಳದ ಒಂದು ನೀವ ಏನ್ರೀ ಸರ್?"

"ಹೌದು ದ್ಯಾಮವ್ವ."

ಆಕೆ ಕರಕಾದ ರೊಟ್ಟಿಯನ್ನು ತೆಗೆದು ಬದಿಗಿಟ್ಟಳು. ಇನ್ನೊಂದು ಉಂಡೆ ತೆಗೆದುಕೊಂಡು ಬಡಿಯತೊಡಗಿದಳು. ಮತ್ತೆ ಅವನ ಕಡೆ ನೋಡಲಿಲ್ಲ. ಪ್ರಲ್ಹಾದ ಸಂಜೆ ಖಾನಾವಳಿ ಖಾಲಿಯಾಗುವವರೆಗೂ ಆ ಗೋಡೆಯ ಬಳಿ ನಿಂತಿದ್ದ, ಆಕೆ ಬೈಯಲಿ ಎಂದು. ಬೈದಿದ್ದರೆ ಅವನು ಬಸ್ಸು ಹತ್ತಬಹುದಾಗಿತ್ತು.